ಬುಧವಾರದ ಮನೆ

ಎಲ್ಲಿ, ಊಹೆ ಮಾಡಿ ನೋಡೋಣ. ಮೊನ್ನೆ ಬುಧವಾರ, ಇದೇ ಮನೆಯಲ್ಲಿ, ಈಗ ನೀವು ಕೂತಿರೋ ಅದೇ ಕುರ್ಚಿಯ ಪಕ್ಕದಲ್ಲಿ ಏನಾಯ್ತು? ...ಅಲ್ಲ, ಮೊಮ್ಮಗಳ ಹುಟ್ಟುಹಬ್ಬ ಅಲ್ಲ. ...ಲಾಟರಿನೂ ಅಲ್ಲ. ಈ ವಯಸ್ಸಿಗೆ ಲಾಟರಿ ಹೊಡೆದರೆ ಡಾಕ್ಟರಿಗೆ ಲಾಭ, ನನಗೇನು? ಒಂದು ಸುಳಿವು ಕೊಡ್ತೀನಿ, ಗ್ಲಾಡ್ವಿನ್. ಒಬ್ಬ ಮನುಷ್ಯ ನನ್ನ ಕಾಲಿಗೆ ಬಿದ್ದ. ಸುಮ್ಮನೆ ಬಗ್ಗಿ ಮೊಣಕಾಲು ಮುಟ್ಟಿದ್ದಲ್ಲ, ಪೂರ್ತಿ, ಹಣೆ ನೆಲಕ್ಕೆ ತಾಗೋ ಹಾಗೆ. ಈಗ ಹೇಳಿ, ಯಾರು?

ಸೋತಿರಾ? ಬಸವಕುಮಾರ.

ಹೂಂ, ನಮ್ಮ ಬಸವಕುಮಾರನೇ. ಅಲ್ ಖುವೈರ್ ಆಫೀಸಿನಲ್ಲಿ ನಿಮ್ಮ ಮೇಜಿನ ಎದುರಿಗೇ ಕೂರ್ತಿದ್ದ ಗದಗಿನ ಬಸವಕುಮಾರ. ಯಾಕೆ, ಹೆಸರು ಕೇಳಿ ಹಾಗೆ ನೆಟ್ಟಗಾದಿರಿ? ಒರಗಿಕೊಳ್ಳಿ. ಇವತ್ತು ಶುಕ್ರವಾರ, ನಿಮ್ಮ ಟ್ರೈನಿಂಗು ಭಾನುವಾರದಿಂದ, ಮಗ ಚೇತನ್ ಹೆಂಡತಿ ಮಗಳನ್ನ ಕರಕೊಂಡು ಮಾಲ್‌ಗೆ ಹೋಗಿದ್ದಾನೆ, ನಮ್ಮನೆಯವಳು ಒಳಗೆ ಮಲಗಿದ್ದಾಳೆ. ಇಂಥ ಮಧ್ಯಾಹ್ನ, ಇಂಥ ಕಥೆ, ನಿಮ್ಮಂಥ ಹಳೇ ಸಹೋದ್ಯೋಗಿ ಮೂರೂ ಒಟ್ಟಿಗೆ ಸಿಗೋದು ಅಪರೂಪ. ಕೋಡುಬಳೆ ತಗೊಳ್ಳಿ.

ಅವನ ಕೆಲಸ ಹೋದದ್ದು ಗೊತ್ತಲ್ಲ ನಿಮಗೆ? ...ಹಾಂ, ಆ ಸುದ್ದಿ ನೀವಿರೋ ಸಲಾಲಾವರೆಗೂ ಬಂದಿರುತ್ತೆ. ಆದರೆ ಅದಕ್ಕೂ ಮೊದಲಿನದು ಗೊತ್ತಿಲ್ಲ. ನೀವು ಕಂಪನಿ ಬಿಟ್ಟು ಹೋದ ಮೇಲಿನ ಮಾತು ಅದು.

ಅವನನ್ನ ಈ ಕೊಲ್ಲಿ ದೇಶಕ್ಕೆ ತಂದವನು ಯಾರು? ನಾನು. ಮುಂಬೈಯಲ್ಲಿ ಸಂದರ್ಶನ ಮಾಡಿದವನು ನಾನು, ವೀಸಾ ಕಾಗದಕ್ಕೆ ಓಡಾಡಿದವನು ನಾನು, ಮೊದಲ ತಿಂಗಳು ಈ ಮನೆಯ ದಿವಾನದ ಮೇಲೆ ಮಲಗಿಸಿದವನೂ ನಾನೇ. ಆಡಳಿತದ ಕೆಲಸ ಅಂದ್ರೇನು ಅಂತ ಅಕ್ಷರ ತಿದ್ದಿಸಿದ ಹಾಗೆ ತಿದ್ದಿಸಿದೆ. ನನಗೆ ಅರವತ್ತು ತುಂಬಿದಾಗ ಹೊಸ ಜನರಲ್ ಮ್ಯಾನೇಜರು ಬಂದಿದ್ದರಲ್ಲ, ಅವರು ಇವನನ್ನ ಒಳಗೆ ಕರೆದು ಕೇಳಿದರು, ಹೊನ್ನಪ್ಪನವರಿಗೆ ಇನ್ನೆರಡು ವರ್ಷ ಕೊಡೋಣವೇನಯ್ಯಾ ಅಂತ. ನಾನು ಬಾಗಿಲ ಹೊರಗೇ ನಿಂತಿದ್ದೆ. ಕದ್ದು ಕೇಳಿದ್ದಲ್ಲ, ಸಹಿಗೆ ಕಾಗದ ತಗೊಂಡು ಹೋಗಿದ್ದೆ. ಇವನು ಏನಂದ ಗೊತ್ತಾ? "ಸರ್ ಮಾಡೋ ಕೆಲಸ ಎಲ್ಲಾ ಈಗ ಸಾಫ್ಟ್‌ವೇರೇ ಮಾಡ್ತದ." ಅಷ್ಟೇ. ಒಂದೇ ವಾಕ್ಯ.

...ನಿಜವೇ ಅಲ್ವಾ ಅಂದ್ರೆ? ನಿಜ. ನಿಜ ಆದ್ದರಿಂದಲೇ ಹೊಟ್ಟೆ ಉರಿದದ್ದು. ಸುಳ್ಳು ಹೇಳಿದ್ದರೆ ಒಳಗೆ ನುಗ್ಗಿ ಜಗಳ ಆಡ್ತಿದ್ದೆ. ನಿಜ ಹೇಳಿದವನ ಹತ್ತಿರ ಏನಂತ ಜಗಳ ಆಡೋದು? ಕಾಗದ ಹಿಡಕೊಂಡು ವಾಪಸ್ ಬಂದೆ. ಆಮೇಲೆ ಬೀಳ್ಕೊಡುಗೆ ದಿನ ಮೈಸೂರು ಪೇಟ ತರಿಸಿ ನನ್ನ ತಲೆಗೆ ಇಟ್ಟವನೂ ಅವನೇ. "ಸರ್ ಇಲ್ಲದ ಆಫೀಸು ನಮಗ ಕಲ್ಪನಾಕ್ಕೂ ಬರೂದಿಲ್ಲ" ಅಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಒಂದೂವರೆ ವರ್ಷ, ಗ್ಲಾಡ್ವಿನ್. ಒಂದೂವರೆ ವರ್ಷ ನಾನು ಈ ಅಲ್ ಹೈಲ್ ಮನೆಯಲ್ಲಿ, ಮಗನ ವೀಸಾದ ಮೇಲೆ, ಸೊಸೆ ತರೋ ತರಕಾರಿ ಸೋಸ್ತಾ ಕೂತಿದ್ದೆ. ಆಮೇಲೆ ನೋಡಿ, ಕಂಪನಿ ಇನ್ನೊಂದು ಕಂಪನಿ ಜೊತೆ ಸೇರಿಹೋಯ್ತು, ಅಕ್ಟೋಬರಿನಲ್ಲಿ ಇವನನ್ನ ಕರೆದು ಖಲಾಸ್ ಅಂದರು. ಸಾಫ್ಟ್‌ವೇರು ಅವನ ಕೆಲಸಾನೂ ಕಲಿತುಬಿಟ್ಟಿತ್ತು. ...ನಗಲ್ವಾ? ಇಲ್ಲಿ ನಗಬೇಕು. ನಮ್ಮ ಸಂಜೆ ವಾಕಿಂಗ್ ಗುಂಪಿನವರೆಲ್ಲ ಇದನ್ನ ಕೇಳಿ ನಕ್ಕು ನಕ್ಕು ಕಡಲ ದಂಡೆಯ ಮರಳಲ್ಲೇ ಕೂತುಬಿಟ್ಟರು.

ಹೋಗಲಿ. ಈಗ ಅಸಲು ವಿಷಯ. ಇಲ್ಲಿನ ಪ್ರಜೆಗಳಿಗೆ ಕೆಲಸ ಹೋದರೆ ಕೆಲವು ತಿಂಗಳು ಸಂಬಳದ ಒಂದು ಪಾಲು ಸರ್ಕಾರವೇ ಕೊಡುತ್ತೆ. ಮನುಷ್ಯ ಸುಧಾರಿಸಿಕೊಂಡು ಇನ್ನೊಂದು ಕೆಲಸ ಹುಡುಕ್ತಾನೆ. ನಮ್ಮಂಥ ಪರದೇಶಿಗಳಿಗೆ ಅದೆಲ್ಲಿ? ಲೆಕ್ಕ ಚುಕ್ತಾ, ವಿಮಾನ ಹತ್ತು. ಅದಕ್ಕೇ ನಾನು ಹೋದ ದೀಪಾವಳಿಗೆ ನಮ್ಮ ಕನ್ನಡಿಗರ ಕೂಟದಲ್ಲಿ ಎದ್ದು ನಿಂತು ಹೇಳಿದೆ. ನಮ್ಮ ತಂದೆ ಮೈಸೂರಲ್ಲಿ ವಾರಾನ್ನ ಉಂಡು ಓದಿದವರು, ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಇಲ್ಲೂ ಹಾಗೇ ಮಾಡೋಣ. ನಮ್ಮವರಲ್ಲಿ ಯಾರದ್ದಾದರೂ ಕೆಲಸ ಹೋದರೆ, ಬೇರೆ ಕೆಲಸ ಸಿಗೋವರೆಗೆ ವಾರಕ್ಕೆ ಏಳು ಮನೆ, ಮಧ್ಯಾಹ್ನದ ಊಟ. ಕಣ್ಣಲ್ಲಿ ನೀರು ಬಂತು ಜನಕ್ಕೆ. ನಿಮ್ಮ ಕಡೆಯ ಜೆನಿಟಾ ಬಾಯಿ ಅಲ್ಲೇ ಭಾನುವಾರ ನಮ್ಮದು ಅಂದರು. ಅವತ್ತೊಂದು ದಿನ ಮನೆಯಲ್ಲಿ ಮೀನು ಮಾಡಲ್ಲ, ಅವನು ಲಿಂಗಾಯತ ಅಂತ. ಬುಧವಾರ ನಾನು ತಗೊಂಡೆ.

ಯೋಜನೆಯ ಮೊದಲ ಫಲಾನುಭವಿ ಯಾರು? ...ಈಗ ಸರಿಯಾಗಿ ಊಹಿಸಿದಿರಿ.

ಅಲ್ಲ, ಅವನಿಗೋಸ್ಕರವೇ ಶುರು ಮಾಡಿದ್ದಲ್ಲ. ಹಾಗೆ ನೋಡಬೇಡಿ. ಸ್ವಲ್ಪ ಅವನೂ ಮನಸ್ಸಿನಲ್ಲಿದ್ದ, ಅಷ್ಟೇ. ಹೆಂಡತಿ ಪ್ರತಿಮಾನ, ಮಗಳು ದಿಶಾನ ಊರಿಗೆ ಕಳಿಸಿದ್ದ. ಕಾರು ಮಾರಿದ್ದ. ಅಲ್ ಖುವೈರಲ್ಲಿ ನಾಲ್ಕು ಜನ ಇರೋ ಕೋಣೆಯಲ್ಲಿ ಒಂದು ಮಂಚ. ಅಲ್ಲಿಂದ ಬಸ್ಸು ಹತ್ತಿ ಇಳಿದು, ಬಿಸಿಲಲ್ಲಿ ನಡಕೊಂಡು ಬಂದು ಗಂಟೆ ಒತ್ತುತಾ ಇದ್ದ. ಬೇಡ ಅಂದರೆ ಹಿರಿಯರಿಗೆ ಅವಮಾನ ಆಗುತ್ತಲ್ಲ, ಅದಕ್ಕೇ ಒಂದು ವಾರವೂ ತಪ್ಪಿಸಲಿಲ್ಲ. ನಾನೂ ತಪ್ಪಿಸಲಿಲ್ಲ.

ಮೊದಲ ಬುಧವಾರ ನಮ್ಮನೆಯವಳು ಚಪಾತಿ ಮಾಡ್ತೀನಿ ಅಂದಳು. ಬೇಡ, ಮುದ್ದೆ ಮಾಡು ಅಂದೆ. ರೂವಿ ಪೇಟೆಯಿಂದ ರಾಗಿ ಹಿಟ್ಟು ತರಿಸಿದೆ. ಗದಗಿನವನು, ಜೋಳದ ರೊಟ್ಟಿ ತಿಂದು ಬೆಳೆದ ಬಾಯಿ. ನಿಮಗೂ ಗೊತ್ತಿರಲಿಕ್ಕಿಲ್ಲ, ನೀವು ಕುಚ್ಚಲಕ್ಕಿಯವರು. ಮುದ್ದೆ ಅಗಿಯಬಾರದು. ಮುರಿದು, ಸಾರಲ್ಲಿ ಅದ್ದಿ, ನುಂಗಬೇಕು. ಅವನು ಅಗಿದ. ಅಗಿದ, ಅಗಿದ... ಹಲ್ಲಿಗೆ, ಅಂಗುಳಕ್ಕೆ ಎಲ್ಲ ಅಂಟಿ, ಕಣ್ಣಲ್ಲಿ ನೀರು. ನಾನು ಎದುರಿಗೆ ಕೂತು ಗುಳುಂ ಗುಳುಂ ಅಂತ ನುಂಗ್ತಾ ಇದ್ದೆ. ಹೇಗೆ ತಿನ್ನೋದು ಅಂತ ನಾನು ಹೇಳಲಿಲ್ಲ. ಎಷ್ಟು ವಾರ ಹೇಳಲಿಲ್ಲ ಗೊತ್ತಾ? ಅವನಿಗೇ ಯಾವಾಗ ತಿಳಿಯಿತೋ, ಅಲ್ಲಿವರೆಗೂ. ಬಾಯಿ ತುಂಬಾ ಮುದ್ದೆ ಇರೋ ಹೊತ್ತು ನೋಡಿ ಕೇಳ್ತಿದ್ದೆ, "ಏನಪ್ಪಾ ಬಸವಕುಮಾರ, ಕೆಲಸ ಏನಾಯ್ತು?" ಅವನು ನೀರು ಕುಡಿದು, ಗಂಟಲು ಸರಿಮಾಡಿಕೊಂಡು, "ಇನ್ನಾ ಇಲ್ರಿ ಸರ್" ಅಂತಿದ್ದ. ತಕ್ಷಣ ನಾನು ಒಳಗೆ ಕೇಳೋ ಹಾಗೆ, "ಇವರಿಗೆ ಇನ್ನೊಂದು ಮುದ್ದೆ ಹಾಕೇ, ಪಾಪ, ಕೆಲಸ ಇಲ್ಲದವರು."

ಗ್ಲಾಡ್ವಿನ್, ನಲವತ್ತು ವರ್ಷ ಕೆಲಸ ಮಾಡಿದ್ದೀನಿ. ಬಡ್ತಿ ಬಂದಿದೆ, ಬಹುಮಾನ ಬಂದಿದೆ. ಆ "ಇನ್ನಾ ಇಲ್ರಿ ಸರ್" ಕೇಳಿದಷ್ಟು ಸುಖ ಯಾವುದರಲ್ಲೂ ಸಿಗಲಿಲ್ಲ. ಬುಧವಾರ ಬೆಳಿಗ್ಗೆ ಎದ್ದರೆ ಮೈಯೆಲ್ಲ ಹಗುರ. ಸಕ್ಕರೆ ಪ್ರಮಾಣ ಕೂಡ ಇಳೀತು. ಡಾಕ್ಟರು ಏನು ಮಾಡ್ತಿದ್ದೀರಿ ಸರ್ ಅಂದರು. ಅನ್ನದಾನ ಅಂದೆ.

ಮೊಮ್ಮಗಳು ಖುಷಿ ಇದ್ದಾಳಲ್ಲ, ಅದೊಂದು ದಿನ ಶಾಲೆಗೆ ರಜಾ, ಪಕ್ಕದಲ್ಲೇ ಕೂತಿದ್ದಳು. "ತಾತಾ, ವೈ ಡು ಯು ಆಸ್ಕ್ ಹಿಮ್ ಓನ್ಲಿ ವೆನ್ ಹೀ ಈಸ್ ಈಟಿಂಗ್?" ಅಂದಳು. ಎಲ್ಲರೆದುರಿಗೆ. ಅವನೇ ನಗುತ್ತಾ ಅವಳಿಗೆ ಹೇಳಿದ, "ತಾತಗೆ ನನ್ನ ಬಗ್ಗೆ ಭಾಳ ಕಾಳಜಿ ಅದವ್ವಾ." ನೋಡಿ, ಎಷ್ಟು ಪಳಗಿದ ನಾಲಗೆ. ಅದೇ ನಾಲಗೆ ಅಲ್ವಾ, ಜನರಲ್ ಮ್ಯಾನೇಜರ ಗಾಜಿನ ಕೋಣೆಯಲ್ಲಿ ಆ ವಾಕ್ಯ ಆಡಿದ್ದು?

ಈಗ ನೀವು ನ್ಯಾಯ ಹೇಳಿ. ಇಂಥ ಸೌಲಭ್ಯ ಜನ ದುರುಪಯೋಗ ಮಾಡ್ತಾರಾ, ಇಲ್ವಾ? ಮಾಡ್ತಾರೆ. ನಾನು ವಾಕಿಂಗ್ ಗುಂಪಿನಲ್ಲಿ ಫೆಬ್ರವರಿಯಿಂದ ಇದೇ ವಾದ ಮಾಡ್ತಾ ಬಂದೆ. ಕೂತಲ್ಲಿಗೆ ತಟ್ಟೆ ಬಂದರೆ ಯಾವ ಮಗ ಏಳ್ತಾನೆ? ಮೊದಲ ತಿಂಗಳು ಹುಡುಕ್ತಾನೆ, ಎರಡನೇ ತಿಂಗಳು ಹುಡುಕಿದ ಹಾಗೆ ಮಾಡ್ತಾನೆ, ಮೂರನೇ ತಿಂಗಳಿಂದ ಇವತ್ತು ಯಾರ ಮನೆ, ಏನು ಪಲ್ಯ ಅಂತ ಯೋಚಿಸ್ತಾನೆ. ಅವನನ್ನ ನಾನೇ ಅಲ್ ಖುವೈರಲ್ಲಿ ನೋಡಿದ್ದೀನಿ, ಒಂದು ಟೀ ಅಂಗಡಿ ಮುಂದೆ ಯಾರ ಜೊತೆಗೋ ನಗ್ತಾ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ. ಹೊಸ ಬೂಟು. ಕೆಲಸ ಹೋದವನಿಗೆ ಹೊಸ ಬೂಟು ಯಾಕೆ?

...ಸಂದರ್ಶನಕ್ಕೆ? ಇರಬಹುದು. ಜೆನಿಟಾ ಬಾಯಿನೂ ಹಾಗೇ ಅಂದರು. ಅವರು ನನ್ನ ಮಾತೇ ಒಪ್ಪಲಿಲ್ಲ. "ಹಾಗೆ ಹೇಳ್ಬೇಡಿ ಮಾರಾಯ್ರೇ, ಅವರು ಊಟ ಆದ ಮೇಲೆ ನಮ್ಮ ಮಕ್ಕಳಿಗೆ ಗಣಿತ ಹೇಳಿಕೊಟ್ಟೇ ಹೋಗುದು, ಬೇಡ ಅಂದ್ರೂ ಪಾತ್ರೆ ತೊಳೀತಾರೆ" ಅಂದರು. ನೋಡಿದಿರಾ? ಅದೇ ನಾನು ಹೇಳೋದು. ಬೇರು ಬಿಡ್ತಾ ಇದ್ದಾನೆ. ಈ ಮನೆಯಲ್ಲೂ ತಟ್ಟೆ ತೊಳೆದಿಟ್ಟೇ ಹೋಗ್ತಿದ್ದ, ನಮ್ಮನೆಯವಳು ಎಷ್ಟು ಬೈದರೂ. ಅವಳಿಗಂತೂ ಅವನು ಅಂದ್ರೆ ಹೊಟ್ಟೆಯಲ್ಲಿ ಹುಟ್ಟಿದವನ ಹಾಗೆ. ಯೂಟ್ಯೂಬ್ ನೋಡಿ ಜೋಳದ ರೊಟ್ಟಿ ತಟ್ಟೋದು ಕಲಿತಳು ಸ್ವಾಮಿ, ಈ ವಯಸ್ಸಿಗೆ. ನನ್ನ ಮುದ್ದೆ ರಾಜ್ಯಭಾರ ಅಲ್ಲಿಗೆ ಮುಗೀತು.

ಇರಲಿ, ಮೊನ್ನೆಯದಕ್ಕೆ ಬರ್ತೀನಿ. ಬುಧವಾರ ಊಟ ಮಾಡಿದ. ತಟ್ಟೆ ತೊಳೆದ. ಕೈ ಒರೆಸಿಕೊಂಡು ಬಂದು ಇಲ್ಲಿ ನಿಂತ. "ಸರ್, ಶನಿವಾರ ಸಂಜೀಕ ವಿಮಾನ ಅದರಿ. ವೀಸಾದ ಗಡುವು ಮುಗೀತು. ಊರಿಗೆ ಹೋಗಿಬಿಡ್ತೀನಿ. ನಿಮ್ಮ ಮನಿ ಅನ್ನ ಉಂಡೀನಿ, ಈ ಋಣ ನನ್ನಿಂದ ತೀರೂದಲ್ಲ" ಅಂದ. ಅಂದವನೇ ಬಿದ್ದ ಕಾಲಿಗೆ. ನಾನು ಎಷ್ಟು ನಿಧಾನ ಎತ್ತಿದೆ ಗೊತ್ತಾ? ಆ ನೆತ್ತಿ ನೋಡ್ತಾ ನಿಂತೆ. ಬಿಳಿ ಕೂದಲು ಬಂದಿದೆ ಅವನಿಗೂ. ಸಾಫ್ಟ್‌ವೇರು, ಸಾಫ್ಟ್‌ವೇರು ಅಂತ ಮನಸ್ಸಿನಲ್ಲೇ ಎರಡು ಸಲ ಅಂದುಕೊಂಡೆ. ಆಮೇಲೆ ಭುಜ ಹಿಡಿದೆ. "ಏಳಪ್ಪಾ. ದೇವರು ಒಳ್ಳೇದು ಮಾಡಲಿ."

ಹಾಗಾಯ್ತು ನೋಡಿ. ನಾಳೆ ಈ ಹೊತ್ತಿಗೆ ಪೆಟ್ಟಿಗೆ ಕಟ್ಟಿರ್ತಾನೆ.

...ಏನು, ಕಾಫಿ ಆರಿ ಹೋಯ್ತಾ? ಮುಟ್ಟೇ ಇಲ್ಲ ನೀವು. ಬಿಸಿ ಮಾಡಿ ತರಲಾ? ...ಬೇಡವಾ.

ಪಾಪ ಅನ್ನಿಸ್ತಿದೆಯಾ ನಿಮಗೆ? ಏನೂ ಬೇಡ. ಹಣೆಬರಹ ಅವನದು. ಆರು ತಿಂಗಳು ಅಂದ್ರೆ ಕಡಿಮೆಯಾ? ಯೋಗ್ಯತೆ ಇದ್ದವನಿಗೆ ಕೆಲಸ ಸಿಗಲ್ವಾ ಈ ದೇಶದಲ್ಲಿ? ಸಿಕ್ಕರೂ ಮಾಡ್ತಿದ್ದನಾ ಅಂತ. ಸಲಾಲಾದಂಥ ಕಡೆ ಅವನು ನಿಲ್ತಿದ್ದನಾ? ಮಳೆಗಾಲದಲ್ಲಿ ಅಲ್ಲಿ ತಿಂಗಳುಗಟ್ಟಲೆ ಜಿಟಿಜಿಟಿ, ಇವನು ಗದಗಿನ ಒಣ ಹವೆಯವನು, ನೆಗಡಿ ಹಿಡಿದು ಮಲಗ್ತಿದ್ದ. ಜೊತೆಗೆ ಬಂದರಿನ ಉಗ್ರಾಣ ನೋಡಿಕೊಳ್ಳೋ ಕೆಲಸ ಅಂದ್ರೆ ಹುಡುಗಾಟವಾ? ಹಗಲು ರಾತ್ರಿ ಪಾಳಿ...

ಏನು?

ಸಲಾಲಾ ಅಂದೆ. ನೀವು ಅಲ್ಲಿಂದ ಬಂದಿದ್ದೀರಲ್ಲ, ಬಾಯಿಗೆ ಬಂತು. ಉದಾಹರಣೆಗೆ. ...ಉಗ್ರಾಣದ ಕೆಲಸಾನೂ ಉದಾಹರಣೆಗೇ. ಬಂದರು ಅಂದ ಮೇಲೆ ಉಗ್ರಾಣ ಇರಲೇಬೇಕಲ್ಲ.

ಅಥವಾ ಅವನೇ ಹೇಳಿರಬೇಕು. ಹೂಂ, ಅವನೇ. ಊಟ ಮಾಡ್ತಾ ಒಂದು ಸಲ ಹೇಳಿದ, ಹೀಗೆ ಸಲಾಲಾ ಬಂದರಿನಲ್ಲಿ ಒಂದು ಕಂಪನಿ, ಅಲ್ಲೊಂದು ಜಾಗ ಇದೆ ಸರ್ ಅಂತ...

ಅವನಿಗೆ ಗೊತ್ತೇ ಇರಲಿಲ್ಲವಾ?

ನೀವು... ನೀವೇ ಕೊಟ್ಟಿದ್ದಾ ಅವನ ಬಯೋಡಾಟಾ? ಆ ಕಂಪನಿಗೆ? ನೀವು ಹಡಗಿನ ಏಜೆನ್ಸಿಯಲ್ಲಿ ಅಲ್ವಾ ಇದ್ದದ್ದು? ...ಯಾವಾಗ ಬದಲಾದಿರಿ? ನನಗೆ ಒಂದು ಮಾತು ಹೇಳಬಾರದಾ? ...ಆಸೆ ಹುಟ್ಟಿಸಿ ಆಮೇಲೆ ಆಗದಿದ್ದರೆ ಬೇಜಾರು ಮಾಡಿಕೊಳ್ತಾನೆ ಅಂತ ಅವನಿಗೂ ಹೇಳಲಿಲ್ಲ. ಸರಿ. ನಿಮ್ಮ ಗುಣ ಮೊದಲಿಂದಲೂ ಹಾಗೇ.

ಹಾಗೆ ನೋಡಬೇಡಿ, ಗ್ಲಾಡ್ವಿನ್. ಏನಾದರೂ ಮಾತಾಡಿ. ಬೈಯೋದಾದರೆ ಬೈಯಿರಿ.

ಫೋನು ಬಂದಿತ್ತು. ಹೌದು. ಶಾಲೆಟ್ ಅಂತ ಒಬ್ಬ ಹೆಣ್ಣುಮಗಳು, ನಿಮ್ಮ ಕಡೆಯ ಕನ್ನಡ. ನಿಮ್ಮ ಸಿಬ್ಬಂದಿ ವಿಭಾಗದವರೇ ಇರಬೇಕು. ಅವನು ಬಯೋಡಾಟಾದಲ್ಲಿ ತನ್ನನ್ನು ಬಲ್ಲವರು ಅಂತ ನನ್ನ ಹೆಸರು ಹಾಕಿದ್ದಾನೆ. ನನ್ನ ಹೆಸರು. ಯೋಚನೆ ಮಾಡಿ, ಈ ಊರಲ್ಲಿ ಇಷ್ಟು ಜನ ಇರುವಾಗ. ಯಾರ ಮನೆಯ ಅನ್ನ ಉಣ್ತಾನೋ ಅವರು ಕೆಟ್ಟದ್ದು ಬಯಸಲ್ಲ ಅಂತ ನಂಬಿಬಿಟ್ಟ. ಅಷ್ಟು ಓದಿದವನು, ಅಷ್ಟು ದಡ್ಡ.

ಆಕೆ ಬಹಳ ಮರ್ಯಾದೆಯಿಂದ ಕೇಳಿದರು. ಸಮಯಕ್ಕೆ ಬರ್ತಿದ್ದರಾ? ಬರ್ತಿದ್ದರು ಅಂದೆ. ಪ್ರಾಮಾಣಿಕರಾ? ಪ್ರಾಮಾಣಿಕ ಅಂದೆ. ಕೆಲಸ ಬರುತ್ತಾ? ಚೆನ್ನಾಗಿ ಬರುತ್ತೆ ಅಂದೆ. ಕೇಳಿ ಬೇಕಾದರೆ ಆಕೆಯನ್ನ, ಒಂದಾದರೂ ಸುಳ್ಳು ಹೇಳಿದ್ದೀನಾ ಅಂತ. ಕೊನೆಯಲ್ಲಿ ಒಂದು ಪ್ರಶ್ನೆ ಇರುತ್ತೆ, ನಿಮಗೂ ಗೊತ್ತು, ನಾನೂ ಸಾವಿರ ಸಲ ಬೇರೆಯವರಿಗೆ ಫೋನು ಮಾಡಿ ಕೇಳಿದ ಪ್ರಶ್ನೆ. "ಅವಕಾಶ ಸಿಕ್ಕರೆ ಇವರನ್ನ ಮತ್ತೆ ಕೆಲಸಕ್ಕೆ ತಗೊಳ್ತೀರಾ?" ಹೌದು ಅನ್ನೋವನು ಥಟ್ಟನೆ ಅಂತಾನೆ. ತಡ ಮಾಡಿದನೋ, ಆ ಕಡೆಯವರು ಅರ್ಥ ಮಾಡಿಕೊಂಡು ಥ್ಯಾಂಕ್ಸ್ ಹೇಳಿ ಇಟ್ಟುಬಿಡ್ತಾರೆ. ಈ ವೃತ್ತಿಯಲ್ಲಿ ಅದನ್ನ ಯಾರೂ ಹೇಳಿಕೊಡೋದೇ ಬೇಡ.

ನಾನು ಸುಮ್ಮನಿದ್ದೆ. ಬೇರೇನೂ ಮಾಡಲಿಲ್ಲ. ನೀವು ಈಗ ಕೂತಿದ್ದೀರಲ್ಲ, ಹೀಗೇ, ಸುಮ್ಮನೆ.

"ಸರ್, ಇದ್ದೀರಾ?" ಅಂದರು ಆಕೆ. ಇದ್ದೀನಿ ಅಂದೆ. ಮತ್ತೆ ಸುಮ್ಮನಾದೆ. "ಸರಿ ಸರ್, ಅರ್ಥ ಆಯ್ತು" ಅಂದರು. ಇಟ್ಟರು.

ಯಾಕೆ ಅಂತ ಕೇಳ್ತೀರಾ? ಪೇಟ ಇಟ್ಟದ್ದಕ್ಕೆ ಅನ್ನಿ. ಆ ಒಂದು ವಾಕ್ಯಕ್ಕೆ ಅನ್ನಿ. ...ಅಲ್ಲ. ನಿಮ್ಮ ಹತ್ತಿರ ಯಾಕೆ ಬಚ್ಚಿಡಲಿ? ಆ ಕೆಲಸ ಸಿಕ್ಕಿದ್ದರೆ ಅವನು ಹೆಂಡತಿ ಮಗಳನ್ನ ವಾಪಸ್ ಕರೆಸಿಕೊಂಡು ಸಲಾಲಾಕ್ಕೆ ಹೋಗಿಬಿಡ್ತಿದ್ದ. ಆಮೇಲೆ ನನಗೆ ಬುಧವಾರ ಎಲ್ಲಿತ್ತು? ಸೋಮವಾರದ ಹಾಗೇ ಅದೂ ಒಂದು ದಿನ. ತರಕಾರಿ ಸೋಸೋದು, ಟಿವಿ ನೋಡೋದು. ಯಾರಪ್ಪಾ ನನ್ನ ಬಾಗಿಲ ಗಂಟೆ ಒತ್ತಿ ಸರ್ ಅಂತಿದ್ದರು?

ಫೋನು ಯಾಕೆ ತೆಗೆದಿರಿ? ಅವನಿಗಾ? ...ಶಾಲೆಟ್‌ಗೆ. ಆ ಜಾಗ ಇನ್ನೂ ಖಾಲಿ ಇದೆಯಾ? ಬಂದವನು ನಿಲ್ಲಲಿಲ್ಲವಾ? ಹಾಗಾದರೆ... ನಾಳೆ ಸಂಜೆಗೆ ವಿಮಾನ. ಸಮಯ ಇದೆ, ಅಲ್ವಾ? ಇದೆ. ನನ್ನನ್ನ ಮಾತಾಡಿಸಿ ಬೇಕಾದರೆ, ಥಟ್ಟನೆ ಹೌದು ಅಂತೀನಿ ಈ ಸಲ.

ನನ್ನ ಮಾತು ಬೇಡವಾ. ...ಸರಿ. ನಿಮ್ಮ ಮಾತೇ ಸಾಕು ಅವರಿಗೆ.

ನಮ್ಮನೆಯವಳಿಗೆ ಕೇಳಿಸದ ಹಾಗೆ ಮಾತಾಡಿ. ಮೆಲ್ಲಗೆ. ಅವತ್ತು ಅವಳು ಅವನಿಗೆ ಬಿಸಿ ಅನ್ನಕ್ಕೆ ತುಪ್ಪ ಹಾಕ್ತಿದ್ದಳು. ಅವನು ಒಳಗೆ ಉಣ್ತಾ ಇದ್ದ, ಗ್ಲಾಡ್ವಿನ್. ನಾನು ಫೋನು ಹಿಡಕೊಂಡು ಬಾಲ್ಕನಿಗೆ ಹೋಗಿ, ಗಾಜಿನ ಬಾಗಿಲು ಹಾಕಿಕೊಂಡೆ. ಅವನು ತಲೆಯೆತ್ತಿ ಆ ಕಡೆಯಿಂದ ಕೈ ಸನ್ನೆ ಮಾಡಿದ, ನಿಮ್ಮ ಊಟ ತಣ್ಣಗಾಗ್ತದರಿ, ಬರ್ರಿ ಅಂತ. ಅವನನ್ನ ನೋಡ್ತಾನೇ ನಾನು ಸುಮ್ಮನೆ ನಿಂತಿದ್ದೆ.

...ಆಕೆ ಅವತ್ತು ನನಗೆ ಫೋನು ಮಾಡಿದ ತಾರೀಖು ಕೇಳ್ತಿದ್ದಾರಾ? ಹುಡುಕೋದು ಬೇಡ ಅನ್ನಿ. ನನಗೆ ಗೊತ್ತು. ಎರಡು ಸಾವಿರದ ಇಪ್ಪತ್ತೈದು, ಜನವರಿ ಇಪ್ಪತ್ತೊಂಬತ್ತು.